ಫ್ಯಾನಿನ ಹಿಂದೆ ಕೈ ಹಾಕಿ ನೋಡು

ಅಳಿಯಾ, ನಾಡದೋಣಿಗೆ ಹೊಸ ಎಂಜಿನ್ ತಂದಿದ್ದೀಯ, ಸಂತೋಷ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ದೋಣಿಗಳಿಗಷ್ಟೇ ಆಗ ಕಡಲಿಗಿಳಿಯಲು ಅವಕಾಶ. ಅಂಥ ಹೊತ್ತಲ್ಲಿ ಎಂಜಿನ್ ಕೈಕೊಟ್ಟರೆ ಆ ವರ್ಷದ ಮಳೆಗಾಲದ ದುಡಿಮೆ ಹೋದಂತೆಯೇ. ಕಾರ್ಬ್ಯುರೇಟರು, ಪ್ಲಗ್ಗು ಇವನ್ನೆಲ್ಲ ಮೆಕ್ಯಾನಿಕ್ ಹೇಳಿಕೊಡುತ್ತಾನೆ. ನೀರೊಳಗಿರುವ ಫ್ಯಾನಿನ ಸುದ್ದಿಯನ್ನು ನನ್ನಿಂದ ಕೇಳಿಕೋ.

ನಮ್ಮ ಗಂಗೊಳ್ಳಿ ಹುಡುಗರಿಗೆ ಅಳಿವೆಯದ್ದೇ ಭಯ. ಐದು ನದಿ ತಂದು ಸುರಿಯುವ ಹೂಳಿನಲ್ಲಿ ರೆಕ್ಕೆ ಬಡಿದರೆ ಏನು ಗತಿ ಅಂತ. ಬಡಿದರೆ ಸದ್ದಾಗುತ್ತದೆ, ದೋಣಿ ನಡುಗುತ್ತದೆ, ಯಾರಿಗಾದರೂ ತಿಳಿಯುತ್ತದೆ. ಸದ್ದಿಲ್ಲದೆ ಎಂಜಿನ್ ತಿನ್ನುವುದು ಬಲೆಯ ನೂಲು. ತುಂಡಾದ ನೈಲಾನ್ ಎಳೆಯೊಂದು ಫ್ಯಾನಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡರೆ ಹೊರಗಿನಿಂದ ಕಾಣುವುದೇ ಇಲ್ಲ. ತಿರುಗುತ್ತ ತಿರುಗುತ್ತ ಬಿಸಿಯಾಗಿ ಕರಗಿ ಗಟ್ಟಿ ಬಳೆಯಾಗುತ್ತದೆ, ಆಮೇಲೆ ಆಯಿಲ್ ಸೀಲಿನ ತುಟಿಯನ್ನು ಕೊಯ್ಯುತ್ತದೆ. ಅಲ್ಲಿಂದ ಉಪ್ಪುನೀರು ನೇರ ಗೇರಿಗೆ.

ಹಾಗಾಗಿ ಬಲೆಯ ಚೂರು ತಾಗಿದ ಅನುಮಾನ ಬಂದ ದಿನವೇ ಫ್ಯಾನು ಬಿಚ್ಚಿ ನೋಡು. ಮೊದಲು ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಪ್ಲಗ್ಗಿನ ಕ್ಯಾಪ್ ಕಿತ್ತಿಡು. ಗೇರಿನಲ್ಲಿದ್ದಾಗ ರೆಕ್ಕೆ ತಿರುಗಿಸಿದರೆ ಎಂಜಿನ್ನೂ ತಿರುಗುತ್ತದೆ, ಬೆರಳು ಹೋಗಲು ಅಷ್ಟೇ ಸಾಕು. ರೆಕ್ಕೆಗೂ ಮೇಲಿನ ಪ್ಲೇಟಿಗೂ ನಡುವೆ ಮರದ ತುಂಡು ಕೊಟ್ಟು ನಟ್ಟು ಸಡಿಲಿಸು. ಬಿಚ್ಚಿದ ವಾಷರುಗಳನ್ನು ಯಾವುದರ ಹಿಂದೆ ಯಾವುದು ಬಂತೋ ಅದೇ ಸಾಲಿನಲ್ಲಿ ಗೋಣಿಯ ಮೇಲೆ ಇಡು. ಒಳಗಿನ ದಪ್ಪ ವಾಷರ್ ಮರೆತು ಫ್ಯಾನು ಕೂರಿಸಿದರೆ ಅದು ಗೇರ್ ಕೇಸನ್ನೇ ಉಜ್ಜುತ್ತದೆ. ನೂಲನ್ನು ಚಾಕುವಿನಿಂದ ಕೆರೆಯಬೇಡ, ಸೀಲಿಗೆ ತಾಗೀತು. ತುದಿ ಹುಡುಕಿ ಸುತ್ತು ಬಿಚ್ಚಿ ತೆಗೆ. ತಿರುಗಿ ಜೋಡಿಸುವಾಗ ಶಾಫ್ಟಿನ ಹಲ್ಲಿಗೆ ಕಡಲಿಗೆಂದೇ ಬರುವ ಗ್ರೀಸು ಹಚ್ಚು. ಒಣ ಶಾಫ್ಟಿಗೆ ಉಪ್ಪು ಹಿಡಿದರೆ ಮುಂದಿನ ಸಲ ಸುತ್ತಿಗೆ ಹಿಡಿಯಬೇಕಾಗುತ್ತದೆ. ಸ್ಪ್ಲಿಟ್ ಪಿನ್ನು ಹೊಸದೇ ಹಾಕು, ಹಳೆಯದನ್ನು ಬಗ್ಗಿಸಿ ಹಾಕುವ ಜಿಪುಣತನ ಬೇಡ.

ಗೇರಿಗೆ ನೀರು ಹೋಗಿದೆಯೋ ತಿಳಿಯಲು ಎಂಜಿನ್ ಒಂದು ರಾತ್ರಿ ನೆಟ್ಟಗೆ ನಿಂತಿರಲಿ. ಬೆಳಿಗ್ಗೆ ಕೆಳಗಿನ ಸ್ಕ್ರೂ ತುಸು ಸಡಿಲಿಸು. ನೀರು ಎಣ್ಣೆಗಿಂತ ಭಾರ, ಇದ್ದರೆ ಅದೇ ಮೊದಲು ಹನಿಯುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಸೀಲು ಹೋಗಿದೆ ಅಂತಲೇ ಲೆಕ್ಕ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಏರಿಸು. ಮೇಲಿನ ತೂತಿನಲ್ಲಿ ಉಕ್ಕಿದ ಮೇಲೆ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು.

ರೆಕ್ಕೆಯ ಅಂಚಿನ ಚಿಕ್ಕ ಗಾಯವನ್ನು ಅರದಿಂದ ಉಜ್ಜಿ ನಯ ಮಾಡಬಹುದು. ರೆಕ್ಕೆ ಬಾಗಿದೆಯೋ ನೋಡಬೇಕಾದರೆ ಮೇಲಿನ ಪ್ಲೇಟಿಗೆ ಒಂದು ಕಡ್ಡಿ ಒತ್ತಿ ಹಿಡಿದು ಫ್ಯಾನನ್ನು ಮೆಲ್ಲಗೆ ತಿರುಗಿಸು. ಎಲ್ಲ ರೆಕ್ಕೆಗಳ ತುದಿಯೂ ಕಡ್ಡಿಯಿಂದ ಒಂದೇ ಅಂತರದಲ್ಲಿ ಹಾದುಹೋಗಬೇಕು. ಒಂದು ದೂರ ಉಳಿದರೆ ಅದನ್ನು ಕಲ್ಲಿನ ಮೇಲಿಟ್ಟು ಬಡಿಯಲು ಹೋಗಬೇಡ, ಅಲ್ಯೂಮಿನಿಯಂ ಬಿರಿಯುತ್ತದೆ. ಬಾಗಿದ ಫ್ಯಾನಿನಲ್ಲೇ ಓಡಿಸಿದರೋ, ನಡುಕಕ್ಕೆ ಬೇರಿಂಗೂ ಸೀಲೂ ಹೋಗುತ್ತವೆ, ಸೀಮೆಎಣ್ಣೆಯೂ ಹೆಚ್ಚು ಕುಡಿಯುತ್ತದೆ.

ಇನ್ನೊಂದು. ಎಂಜಿನ್ ಕೂಗುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ, ಹಾಗಾದರೆ ಫ್ಯಾನಿನ ನಡುವಿನ ರಬ್ಬರ್ ಬುಷ್ ಜಾರುತ್ತಿರಬಹುದು. ಹೊಸದಿರುವಾಗಲೇ ಒಳಗಿನ ಲೋಹದಿಂದ ಹೊರಗಿನ ಲೋಹಕ್ಕೆ ರಬ್ಬರ್ ದಾಟಿ ಒಂದು ನೇರ ಗೆರೆ ಗೀರಿಡು. ಗೆರೆ ತಪ್ಪಿದ ದಿನ ಬುಷ್ ಜಾರಿದೆ ಅಂತ ಕಣ್ಣಿಗೇ ಕಾಣುತ್ತದೆ. ನಿನ್ನ ದೊಡ್ಡಪ್ಪನ ಸಣ್ಣ ಎಂಜಿನ್ನಿನಂಥದ್ದರಲ್ಲಿ ಬುಷ್ ಬದಲು ಒಂದು ಪಿನ್ನು ಇರುತ್ತದೆ, ಬಡಿದಾಗ ಮುರಿಯಲೆಂದೇ ಇಟ್ಟದ್ದು. ಅದು ಮುರಿದಾಗ ಮೊಳೆ ತುರುಕುವ ಬುದ್ಧಿವಂತರಿದ್ದಾರೆ. ಮೊಳೆ ಮುರಿಯುವುದಿಲ್ಲ, ಗೇರು ಮುರಿಯುತ್ತದೆ.

ದೊಡ್ಡ ಬೋಟಿಗೆ ಹೋಗುವ ಕಾಲ ಬಂದರೆ ಅಲ್ಲಿನ ಕಂಚಿನ ಫ್ಯಾನಿನ ಬಣ್ಣ ನೋಡು. ಹಳದಿ ಹೋಗಿ ಗುಲಾಬಿಗೆ ತಿರುಗಿದ್ದರೆ ಅದರೊಳಗಿನ ಸತು ಉಪ್ಪುನೀರಿಗೆ ಬಿಟ್ಟುಹೋಗಿ ಲೋಹ ಟೊಳ್ಳಾಗುತ್ತಿದೆ ಎಂದರ್ಥ. ಅದಕ್ಕೇ ಹತ್ತಿರದಲ್ಲಿ ಸತುವಿನ ಗಟ್ಟಿ ಕಟ್ಟಿರುತ್ತಾರೆ, ಫ್ಯಾನಿನ ಬದಲು ಅದು ಸವೆಯಲಿ ಅಂತ. ಅರ್ಧ ಸವೆದರೆ ಬದಲಿಸಬೇಕು. ಅದಕ್ಕೆ ಪೇಂಟ್ ಬಳಿದರೆ ಕಟ್ಟಿಯೂ ಪ್ರಯೋಜನವಿಲ್ಲ.

ಸ್ಟೀಲ್ ಫ್ಯಾನು ಹಾಕಿಸಲೇ ಅಂತ ಕೇಳಿದ್ದೆಯಲ್ಲ, ಬೇಡ. ಆಳದ ನೀರಿನಲ್ಲಿ ಅದು ಚೆನ್ನ. ನಮ್ಮ ಅಳಿವೆಯಲ್ಲಿ ಬಡಿದರೆ ಅಲ್ಯೂಮಿನಿಯಂ ರೆಕ್ಕೆ ತಾನು ಬಾಗಿ ಪೆಟ್ಟು ನುಂಗುತ್ತದೆ, ಸ್ಟೀಲು ಅದನ್ನು ಗೇರಿಗೆ ದಾಟಿಸುತ್ತದೆ. ಆ ದುಡ್ಡಿಗೆ ಅದೇ ಅಳತೆಯ ಇನ್ನೊಂದು ಅಲ್ಯೂಮಿನಿಯಂ ಫ್ಯಾನು ತೆಗೆದುಕೋ. ಅಳತೆ ಅದರ ಮೈಮೇಲೇ ಇರುತ್ತದೆ, ಅಗಲವೂ ಪಿಚ್ಚೂ, ಇಂಚಿನಲ್ಲಿ. ಉಳಿದ ಹಣಕ್ಕೆ ನಟ್ಟು, ವಾಷರ್, ನಾಲ್ಕು ಸ್ಪ್ಲಿಟ್ ಪಿನ್ನು, ಒಂದು ಸ್ಪ್ಯಾನರ್ ತಂದು ಡಬ್ಬಿಯಲ್ಲಿ ಹಾಕಿ ದೋಣಿಯಲ್ಲೇ ಇಡು, ಮನೆಯಲ್ಲಿ ಅಲ್ಲ.