ಶಿಶುವಿನ ಶ್ರವಣದೋಷ: ಮೊದಲ ಆರು ತಿಂಗಳುಗಳ ಮಹತ್ವ

ಮಗುವಿಗೆ ಮಾತು ಬರುವುದು ಕಿವಿಯ ಮೂಲಕ. ತೊಟ್ಟಿಲಲ್ಲಿ ಮಲಗಿರುವಾಗಲೇ ಅದು ತಾಯಿಯ ಜೋಗುಳವನ್ನೂ ಮನೆಯವರ ಮಾತುಕತೆಯನ್ನೂ ಆಲಿಸುತ್ತಿರುತ್ತದೆ. ವರ್ಷ ತುಂಬುವ ವೇಳೆಗೆ ಹೊರಬರುವ ಮೊದಲ ನುಡಿಯು ಈ ಆಲಿಕೆಯ ಫಲ. ಹುಟ್ಟಿನಿಂದಲೇ ಕಿವಿ ಕೇಳದ ಶಿಶುವಿಗೆ ಈ ಅವಕಾಶವು ತಪ್ಪಿಹೋಗುತ್ತದೆ. ಆದರೆ ದೋಷವನ್ನು ಬೇಗನೆ ಗುರುತಿಸಿದಲ್ಲಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಬಹುದು.

ಸಂಶೋಧನೆ ತಿಳಿಸುವುದೇನು?

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು ಶ್ರವಣದೋಷವುಳ್ಳ 150 ಮಕ್ಕಳನ್ನು ಅಧ್ಯಯನ ಮಾಡಿ 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇವರಲ್ಲಿ 72 ಮಕ್ಕಳ ದೋಷವು ಆರು ತಿಂಗಳೊಳಗೆ ಪತ್ತೆಯಾಗಿತ್ತು. ಉಳಿದ 78 ಮಕ್ಕಳದು ಅನಂತರ. ಎರಡು ಗುಂಪಿನವರಿಗೂ, ಪತ್ತೆಯಾದ ಮೇಲೆ ಹೆಚ್ಚು ತಡವಿಲ್ಲದೆ, ಕುಟುಂಬದೊಡನೆ ಕೂಡಿ ನಡೆಸುವ ಶಿಕ್ಷಣವು ದೊರೆತಿತ್ತು. ಆದರೂ ಬುದ್ಧಿಶಕ್ತಿಯು ಸಹಜವಾಗಿದ್ದ ಮಕ್ಕಳಲ್ಲಿ, ಬೇಗನೆ ಪತ್ತೆಯಾದವರ ಭಾಷೆಯು ಗಣನೀಯವಾಗಿ ಮುಂದಿತ್ತು. ದೋಷವು ಅಲ್ಪವಾಗಿರಲಿ ತೀವ್ರವಾಗಿರಲಿ, ಮನೆಯವರು ಮಾತನ್ನು ಬಳಸಲಿ ಸನ್ನೆಭಾಷೆಯನ್ನು ಬಳಸಲಿ, ಈ ವ್ಯತ್ಯಾಸವು ಕಂಡುಬಂದಿತು.

ತಡವಾಗುವುದೇಕೆ?

ಕಿವುಡು ಕಣ್ಣಿಗೆ ಕಾಣುವ ದೋಷವಲ್ಲ. ಕಿವಿ ಕೇಳದ ಶಿಶುವೂ ಮೊದಲ ತಿಂಗಳುಗಳಲ್ಲಿ ಇತರ ಶಿಶುಗಳಂತೆಯೇ ಅಳುತ್ತದೆ, ನಗುತ್ತದೆ, ಊಂಗುಟ್ಟುತ್ತದೆ. ತಟ್ಟೆ ಬಡಿದು ಪರೀಕ್ಷಿಸುವವರ ಕೈಯ ಚಲನೆಯನ್ನು ಕಂಡೋ, ಬಾಗಿಲು ಹಾಕಿದಾಗ ನೆಲದ ಅದುರುವಿಕೆಯನ್ನು ಅರಿತೋ ತಿರುಗಿ ನೋಡುತ್ತದೆ. ಮನೆಯವರು ಸಮಾಧಾನಗೊಳ್ಳುತ್ತಾರೆ. "ಇವನ ತಂದೆಗೂ ಮಾತು ತಡವಾಗಿಯೇ ಬಂದಿತು" ಎಂದು ಹಿರಿಯರು ಧೈರ್ಯ ಹೇಳುತ್ತಾರೆ. ಹೀಗೆ ಎರಡು ಮೂರು ವರ್ಷಗಳು ಕಳೆದುಹೋಗುತ್ತವೆ.

ಗಮನಿಸಬೇಕಾದ ಲಕ್ಷಣಗಳು

1. ನವಜಾತ ಶಿಶುವು ದೊಡ್ಡ ಸದ್ದಿಗೆ ಬೆಚ್ಚದಿರುವುದು.
2. ಆರು ತಿಂಗಳಾದರೂ ಸದ್ದು ಬಂದ ಕಡೆಗೆ ತಲೆ ತಿರುಗಿಸದಿರುವುದು.
3. ಒಂಬತ್ತು ತಿಂಗಳಾದರೂ 'ಬಾಬಾ', 'ತಾತಾ' ಎಂಬಂತಹ ತೊದಲು ನುಡಿ ಬಾರದಿರುವುದು.
4. ವರ್ಷ ತುಂಬಿದರೂ ಹೆಸರು ಕರೆದಾಗ ಓಗೊಡದಿರುವುದು.

ಹುಟ್ಟಿದಾಗ ತೂಕ ಬಹಳ ಕಡಿಮೆಯಿದ್ದ, ತೀವ್ರ ಕಾಮಾಲೆಯಾದ, ಮಿದುಳಿನ ಪೊರೆಯ ಉರಿಯೂತಕ್ಕೆ ಗುರಿಯಾದ ಶಿಶುಗಳನ್ನೂ, ಗರ್ಭಿಣಿಯಾಗಿದ್ದಾಗ ರುಬೆಲ್ಲಾ ತಗುಲಿದ ತಾಯಿಯ ಮಕ್ಕಳನ್ನೂ, ಮನೆತನದಲ್ಲಿ ಹುಟ್ಟುಕಿವುಡಿದ್ದವರ ಮಕ್ಕಳನ್ನೂ ಲಕ್ಷಣಗಳಿಗಾಗಿ ಕಾಯದೆ ಪರೀಕ್ಷೆಗೆ ಒಳಪಡಿಸಬೇಕು. ರಕ್ತಸಂಬಂಧದಲ್ಲಿ ವಿವಾಹವಾದವರ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

ಪರೀಕ್ಷೆ ಮತ್ತು ನೆರವು

ನಿದ್ರಿಸುತ್ತಿರುವ ಶಿಶುವಿನ ಕಿವಿಯಲ್ಲಿ ಪುಟ್ಟ ಸಾಧನವನ್ನಿಟ್ಟು ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸಬಹುದು, ನೋವಾಗುವುದಿಲ್ಲ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಧಾರ, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ಶಿಕ್ಷಣ – ಇದು ತಜ್ಞರು ಒಪ್ಪಿರುವ ಕ್ರಮ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡಿನ ತಪಾಸಣೆಯೂ ಸೇರಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲಿ ಮಕ್ಕಳೊಡನೆ ತಾಯಂದಿರೂ ಕುಳಿತು ಕಲಿಸುವ ವಿಧಾನವನ್ನು ಅರಿಯುತ್ತಾರೆ.

ಕುಟುಂಬದ ಪಾತ್ರ

ಯಂತ್ರವು ಸದ್ದನ್ನು ತಲುಪಿಸುತ್ತದೆ. ಅದಕ್ಕೆ ಅರ್ಥ ಕೊಡುವವರು ಮನೆಯವರು. ಸ್ನಾನ ಮಾಡಿಸುವಾಗ, ಉಣಿಸುವಾಗ, ಮಗುವಿನ ಮುಖಕ್ಕೆ ಮುಖವಿಟ್ಟು, ವಸ್ತುವನ್ನು ತೋರಿಸಿ, ಅದರ ಹೆಸರನ್ನು ಸ್ಪಷ್ಟವಾಗಿ ನುಡಿಯಬೇಕು. ಸನ್ನೆಭಾಷೆಯನ್ನು ಆರಿಸಿಕೊಂಡಲ್ಲಿ ಮನೆಮಂದಿಯೆಲ್ಲರೂ ಅದನ್ನು ಕಲಿಯಬೇಕು. ಈ ಹೊಣೆಯನ್ನು ತಾಯಿಯೊಬ್ಬಳ ಮೇಲೆ ಹೊರಿಸದೆ ತಂದೆಯೂ ಅಜ್ಜ ಅಜ್ಜಿಯರೂ ಹಂಚಿಕೊಳ್ಳಬೇಕು. ಗ್ರಹಣವನ್ನೋ ಪೂರ್ವಜನ್ಮದ ಕರ್ಮವನ್ನೋ ನೆಪವಾಗಿಸಿ ತಾಯಿಯನ್ನು ದೂಷಿಸುವುದು ಸಲ್ಲದು. ನಿಂದೆಯಿಂದ ನೊಂದ ತಾಯಿಯು ಮಗುವನ್ನು ಮರೆಮಾಚುವಳು. ಅದರಿಂದ ಅಮೂಲ್ಯವಾದ ತಿಂಗಳುಗಳು ನಷ್ಟವಾಗುವುವು.

ಸಂಶಯ ಬಂದ ದಿನವೇ ಆಶಾ ಕಾರ್ಯಕರ್ತೆಗೆ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಸಂಶಯವು ಸುಳ್ಳಾದರೆ ಸಂತೋಷ. ನಿಜವಾದರೆ ಮಗುವಿಗೆ ಸಕಾಲದಲ್ಲಿ ನೆರವು ದೊರೆಯುವುದು.