ಬಿಸಿಗೆ ಮುದುಡುವ ಪಾಲಿಮರ್

ಸಕ್ಕರೆ ತಣ್ಣೀರಿಗಿಂತ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಇದಕ್ಕೆ ವಿರುದ್ಧವಾದ ಗುಣವುಳ್ಳ ಪದಾರ್ಥವೂ ಉಂಟು. ಅದೇ ಪಾಲಿ-ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್. ಹೆಸರು ಉದ್ದವಾದ್ದರಿಂದ ‘ಪಿನಿಪ್ಯಾಮ್’ ಎನ್ನುವುದು ವಾಡಿಕೆ. ಇದರ ಗುಣವನ್ನೂ ತಯಾರಿಕೆಯ ಕ್ರಮವನ್ನೂ ಕಲಾವಿಭಾಗದ ಮಿತ್ರರಿಗೂ ತಿಳಿಯುವಂತೆ ವಿವರಿಸುವುದು ನನ್ನ ಉದ್ದೇಶ.

ಪಾಲಿಮರೆಂದರೆ, ಮಣಿ ಪೋಣಿಸಿದ ಸರದಂತೆ, ಸಣ್ಣ ಅಣುಗಳು ಸಾಲಾಗಿ ಕೂಡಿ ಆದ ಬೃಹದಣು. ಪಿನಿಪ್ಯಾಮಿನ ಪ್ರತಿಯೊಂದು ಮಣಿಯಲ್ಲೂ ನೀರನ್ನು ಹಿಡಿದುಕೊಳ್ಳುವ ಭಾಗವೊಂದು, ನೀರಿಗೆ ಒಗ್ಗದ ಭಾಗವೊಂದು ಇವೆ. ತಂಪಿನಲ್ಲಿ ಮೊದಲನೆಯದರದೇ ಮೇಲುಗೈ. ಸರ ಬಿಚ್ಚಿಕೊಂಡು ಕರಗಿರುತ್ತದೆ. ಉಷ್ಣತೆ ಸುಮಾರು 32° ಸೆಂಟಿಗ್ರೇಡನ್ನು ದಾಟಿದೊಡನೆ ನೀರಿನ ಹಿಡಿತ ಸಡಿಲವಾಗಿ ಸರಗಳು ಮುದುಡುತ್ತವೆ. ತಿಳಿಯಾದ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ. ಬೆಂದ ಮೊಟ್ಟೆಯ ಬಿಳಿಭಾಗ ತಣಿದರೆ ಮತ್ತೆ ನೀರಾಗದು. ಇದಾದರೋ ತಣಿದೊಡನೆ ಪುನಃ ಕರಗುತ್ತದೆ.

ಇದರಿಂದೇನು ಪ್ರಯೋಜನ? ಜಪಾನಿನ ವಿಜ್ಞಾನಿಗಳು ಗಾಜಿನಂತಹ ತಟ್ಟೆಗೆ ಇದನ್ನು ತೆಳುವಾಗಿ ಲೇಪಿಸಿ, 37° ಯಲ್ಲಿ ಜೀವಕೋಶಗಳನ್ನು ಬೆಳೆಸಿದರು. ತಟ್ಟೆಯನ್ನು 20° ಗೆ ತಣಿಸಿದರೆ ಕೋಶಗಳ ಪದರ ಹರಿಯದೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ರೋಗಿಯ ಬಾಯೊಳಗಿನ ಕೋಶಗಳಿಂದ ಹೀಗೆ ಪಡೆದ ಪದರವನ್ನು ಕೆಟ್ಟುಹೋದ ಕಣ್ಣಿಗೆ ಕೂರಿಸಿ ದೃಷ್ಟಿ ಸುಧಾರಿಸಿದ ವರದಿ 2004ರಲ್ಲಿ ಪ್ರಕಟವಾಯಿತು. ಆದರೆ ಲೇಪ ಹದವಾಗಿರಬೇಕು. ದಪ್ಪವಾದರೆ ಕೋಶಗಳು ಅಂಟುವುದೇ ಇಲ್ಲ.

ಆದುದರಿಂದ ಇಂಥ ಪದಾರ್ಥದ ತಯಾರಿಕೆಯಲ್ಲಿ ಹತೋಟಿ ಅವಶ್ಯಕ. 60°–70° ಗೆ ಕಾಯಿಸುವ ಸಾಮಾನ್ಯ ಕ್ರಮದಲ್ಲಿ ಎರಡು ತೊಡಕುಗಳಿವೆ. ಒಂದು, ಸರಗಳ ಉದ್ದ ಒಂದೇ ಸಮನಾಗಿರುವುದಿಲ್ಲ. ಎರಡು, ನೀರಿನಲ್ಲಿ ಮಾಡಿದರೆ ಸರ ಬೆಳೆಯುತ್ತಿರುವಾಗಲೇ ಮುದುಡಿ ಬೇರ್ಪಡುತ್ತದೆ. ಪ್ರೋಟೀನನ್ನು ಜೊತೆಗೂಡಿಸಬೇಕೆಂದರೆ ಅದೂ ಕೆಡಬಹುದು.

ಮೊದಲ ತೊಡಕಿಗೆ 1998ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಪ್ರಕಟಿಸಿದ ‘ರಾಫ್ಟ್’ ವಿಧಾನ ಒಂದು ಪರಿಹಾರ. ಗಂಧಕವುಳ್ಳ ಸಂಯುಕ್ತವೊಂದು ಬೆಳೆಯುವ ತುದಿಯನ್ನು ತಾತ್ಕಾಲಿಕವಾಗಿ ಮುಚ್ಚಿ, ಒಂದು ಸರದಿಂದ ಇನ್ನೊಂದಕ್ಕೆ ದಾಟುತ್ತಿರುತ್ತದೆ. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಸರದಿಯಂತೆ ಬಡಿಸಿದ ಹಾಗೆ, ಎಲ್ಲ ಸರಗಳೂ ಹೆಚ್ಚುಕಡಿಮೆ ಸಮನಾಗಿ ಬೆಳೆಯುತ್ತವೆ. ಸಂಯುಕ್ತದ ಒಂದು ಅಣುವಿಗೆ ನೂರು ಮಣಿಗಳಂತೆ ಹಾಕಿ, ಎಲ್ಲವೂ ಸೇರಿಕೊಂಡರೆ, ಸರಾಸರಿ ನೂರು ಮಣಿಗಳ ಸರ ಸಿಗುತ್ತದೆ.

ಎರಡನೆಯದಕ್ಕೆ, ಕಡಿಮೆ ಉಷ್ಣತೆಯಲ್ಲೇ ಒಡೆದು ಕ್ರಿಯೆಯನ್ನು ಆರಂಭಿಸುವ ವಸ್ತುವನ್ನು ಆರಿಸಬೇಕು. ಅಮೆರಿಕದ ಸದರ್ನ್ ಮಿಸಿಸಿಪಿ ವಿಶ್ವವಿದ್ಯಾನಿಲಯದ ಸಂಶೋಧಕರು 2006ರಲ್ಲಿ 25° ಯಲ್ಲಿ, ನೀರಿನಲ್ಲಿಯೇ, ಇದನ್ನು ಸಾಧಿಸಿ ತೋರಿಸಿದರು.

ರಸಾಯನ ಶಾಸ್ತ್ರವೆಂದರೆ ಉರಿ, ಹೊಗೆ ಎಂದು ಭಾವಿಸುವವರುಂಟು. ಇಲ್ಲಿ ಮಾತ್ರ ಉರಿಯನ್ನು ತಗ್ಗಿಸಿದುದರಿಂದಲೇ ಕೆಲಸ ಕೈಗೂಡಿತು. ಪದಾರ್ಥದ ಸ್ವಭಾವವನ್ನು ಮೊದಲು ತಿಳಿದು, ಬಳಿಕ ವಿಧಾನವನ್ನು ಅದಕ್ಕೆ ಹೊಂದಿಸಬೇಕೆಂಬುದೇ ಇಲ್ಲಿನ ಪಾಠವೆಂದು ನನ್ನ ಭಾವನೆ.