ಕಂಟ್ರಾಕ್ಟರ್ ಕೈಗೆ ಸಿಗದಿದ್ದರೆ

ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿದೆ, ಮುಂಗಡ ಪಡೆದ ಕಂಟ್ರಾಕ್ಟರ್ ಫೋನೇ ಎತ್ತುತ್ತಿಲ್ಲ. ಸಿಟ್ಟಿನಲ್ಲಿ ನಾಳೆಯೇ ಬೇರೆ ಮೇಸ್ತ್ರಿಯನ್ನು ಕರೆಸಬೇಡಿ, ದಯವಿಟ್ಟು. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಒಪ್ಪಂದದಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಉಳಿದ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಿ ಖರ್ಚನ್ನು ಕೈಕೊಟ್ಟವರಿಂದಲೇ ವಸೂಲಿ ಮಾಡಬಹುದು. ಆದರೆ ಮೊದಲು ಕನಿಷ್ಠ 30 ದಿನಗಳ ಗಡುವು ಕೊಟ್ಟು ಲಿಖಿತ ನೋಟಿಸ್ ಕಳಿಸಿರಲೇಬೇಕು. ಇಲ್ಲದಿದ್ದರೆ ಆ ಹಕ್ಕು ಕೈತಪ್ಪುತ್ತದೆ. ವಾಟ್ಸ್‌ಆ್ಯಪ್ ಒಂದನ್ನೇ ನಂಬಬೇಡಿ, ಒಪ್ಪಂದದಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಆ ತಿಂಗಳಲ್ಲೇ ಎಂಜಿನಿಯರ್ ಒಬ್ಬರಿಂದ ಆಗಿರುವ ಕೆಲಸದ ಅಳತೆ ಮಾಡಿಸಿ, ಫೋಟೊ ತೆಗೆಸಿ. ಹೊಸಬರು ಬಂದ ಮೇಲೆ ಯಾರದೆಷ್ಟು ಎಂದು ತೋರಿಸುವುದು ಬಲು ಕಷ್ಟ. ಪಾಪ, ಆ ಕಂಟ್ರಾಕ್ಟರ್ ಕಾಯಿಲೆ ಬಿದ್ದಿರಲೂಬಹುದು. ಮನೆಯವರನ್ನು ಒಮ್ಮೆ ವಿಚಾರಿಸಿ. ಹಾಗಿದ್ದರೆ ಲೆಕ್ಕ ಚುಕ್ತಾ ಮಾಡಿ, ಇಬ್ಬರೂ ಸಹಿ ಹಾಕಿದ ರದ್ದತಿ ಪತ್ರ ಬರೆದುಕೊಳ್ಳಿ.